ಅಂಕ ಕೊಡುವ ಯಂತ್ರಕ್ಕೆ ಕನ್ನಡ ಬರಬೇಡವೇ?



ಏಕೀಕರಣ ಸಮಿತಿಯ ಈ ಮಾಲೆಯಲ್ಲಿ ಗಡಿರೇಖೆ, ಜನಗಣತಿ, ಆಯೋಗ, ನ್ಯಾಯಾಲಯ ಇವುಗಳ ವಿಚಾರವನ್ನು ಓದಿ ರೂಢಿಯಾದ ತಮಗೆ, ಶಾಲೆಯ ಪರೀಕ್ಷಾ ತಂತ್ರಾಂಶವೆಂಬ ಈ ವಿಷಯ ಎಲ್ಲಿಂದ ಬಂದಿತೆಂದು ಆಶ್ಚರ್ಯವಾದೀತು. ಮೊದಮೊದಲು ನಮಗೂ ಹಾಗೆಯೇ ಅನ್ನಿಸಿತ್ತು. ಆದರೆ ನಮ್ಮ ಕನ್ನಡ ಶಾಲೆಗಳಿಗೆ ಒದಗುವ ಇಕ್ಕಟ್ಟು ಬರಬರುತ್ತ ಈ ಬಾಗಿಲಿನಿಂದಲೇ ಒಳಹೊಗುತ್ತಿರುವುದನ್ನು ಕಣ್ಣಾರೆ ಕಂಡ ಮೇಲೆ ಸುಮ್ಮನಿರುವುದು ಉಚಿತವಲ್ಲವೆಂದು ಬಗೆದು ಈ ನಾಲ್ಕು ಮಾತುಗಳನ್ನು ತಮ್ಮ ಮುಂದೆ ಇಡುತ್ತಿದ್ದೇವೆ.

ನಾವು ಕನ್ನಡ ಸಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ವರ್ಷಕ್ಕೊಮ್ಮೆ ಇನ್ಸ್ಪೆಕ್ಟರ್ ಸಾಹೇಬರು ಮೋಟಾರಿನಿಂದ ಇಳಿದು ಬರುತ್ತಿದ್ದರು. ಅವರ ಮನೆಮಾತು ಮರಾಠಿ. ಹುಡುಗನೊಬ್ಬನನ್ನು ನಿಲ್ಲಿಸಿ ಹದಿನೇಳರ ಮಗ್ಗಿ ಕೇಳುತ್ತಿದ್ದರು. ಹುಡುಗನು “ಹದಿನೇಳೈದಲೆ ಎಂಬತ್ತೈದು” ಎಂದೊಡನೆ ಸಾಹೇಬರು ನಮ್ಮ ಗುರುಗಳ ಮುಖವನ್ನು ನೋಡುತ್ತಿದ್ದರು. ಗುರುಗಳು ತಲೆಯಾಡಿಸಿದರೆ ಸರಿಯೆಂದು ಬರೆದುಕೊಳ್ಳುತ್ತಿದ್ದರು. ಪರೀಕ್ಷಿಸುವವನಿಗೆ ಮಗುವಿನ ಭಾಷೆ ಬಾರದಿದ್ದರೂ ನಡುವೆ ನಿಂತ ಗುರುವಿನಿಂದ ಮಗುವಿಗೆ ಅನ್ಯಾಯವಾಗುತ್ತಿರಲಿಲ್ಲ. ಈಗ ಆ ಸಾಹೇಬರ ಸ್ಥಾನದಲ್ಲಿ ತಂತ್ರಾಂಶ ಬಂದು ಕುಳಿತಿದೆ. ನಡುವಿನ ಗುರುವನ್ನು ಉಳಿಸಿಕೊಳ್ಳಬೇಕೇ ತೆಗೆದುಹಾಕಬೇಕೇ ಎಂಬುದು ಇನ್ನೂ ತೀರ್ಮಾನವಾಗಬೇಕಾದ ಮಾತಾಗಿದೆ.

ತಂತ್ರಾಂಶವೆಂದರೆ ಹೆದರತಕ್ಕದ್ದೇನೂ ಇಲ್ಲ. ಗೂಗಲ್ ಕ್ಲಾಸ್‌ರೂಮ್ 2014ರಲ್ಲಿ ಹೊರಬಂದಿತು. ಬೆಂಗಳೂರಿನಲ್ಲಿಯೇ 2015ರಲ್ಲಿ ಹುಟ್ಟಿದ ಕ್ವಿಜಿಜ್ ಎಂಬುದು 2025ರಲ್ಲಿ ವೇಗ್ರೌಂಡ್ ಎಂದು ಹೆಸರು ಬದಲಿಸಿಕೊಂಡಿತು. ಇವಲ್ಲದೆ ಆಯಾ ರಾಜ್ಯಗಳು ತಮ್ಮ ಶಾಲೆಗಳಿಗಾಗಿ ಮಾಡಿಸಿಕೊಂಡವು ಬೇರೆ. ಮೊದಲಿಗೆ ಇವು ಪ್ರಶ್ನೆಯನ್ನು ಹಂಚಿ ಉತ್ತರವನ್ನು ಕೂಡಿಸಿಕೊಳ್ಳುವ ಪೆಟ್ಟಿಗೆಗಳಷ್ಟೇ ಆಗಿದ್ದವು. ವರ್ಷವರ್ಷಕ್ಕೆ ಹೊಸ ಸೌಲಭ್ಯಗಳು ಸೇರಿದವು. ಉತ್ತರವನ್ನು ತಾನೇ ತಿದ್ದಿ ಅಂಕ ಹಾಕುವುದು, ಯಾವ ಪ್ರಶ್ನೆಯಲ್ಲಿ ಎಷ್ಟು ಮಕ್ಕಳು ಎಡವಿದರೆಂದು ತೋರಿಸುವುದು, ಪಾಲಕರಿಗೆ ತಾನಾಗಿ ಸಂದೇಶ ಕಳಿಸುವುದು, ಅಧಿಕಾರಿಗಳಿಗೆ ತಾಲೂಕಿನ ಶಾಲೆಗಳೆಲ್ಲವನ್ನೂ ಒಂದೇ ಹಲಗೆಯ ಮೇಲೆ ಬಣ್ಣಬಣ್ಣವಾಗಿ ಕಾಣಿಸುವುದು, ಈಚೆಗೆ ಪಾಠವನ್ನು ಉಣಿಸಿದರೆ ಪ್ರಶ್ನೆಗಳನ್ನೂ ತಾನೇ ರಚಿಸಿಕೊಡುವುದು.

ಇವುಗಳಲ್ಲಿ ಪ್ರಶ್ನೆವಾರು ಲೆಕ್ಕವೊಂದು ನಿಜವಾಗಿಯೂ ಗುರುವಿಗೆ ವರವೆಂದು ನಾವು ಒಪ್ಪುತ್ತೇವೆ. ಮೂವತ್ತು ವರ್ಷಗಳ ಕಾಲ ಮಕ್ಕಳ ಪಾಟಿಯನ್ನು ನೋಡಿದ ನಮಗೆ, ನಮ್ಮ ವರ್ಗದವರು ಕಳೆಯುವ ಲೆಕ್ಕದಲ್ಲಿ ಕೆಟ್ಟವರೆಂದು ಗೊತ್ತಿತ್ತು. ಆದರೆ ನಡುವಿನ ಸ್ಥಾನದಲ್ಲಿ ಸೊನ್ನೆ ಬಂದಾಗ ಮಾತ್ರ, ಎಂದರೆ 503ರಲ್ಲಿ 178 ಕಳೆಯೆಂದಾಗ ಮಾತ್ರ, ಅವರಿಗೆ ದಶಕವನ್ನು ಎಲ್ಲಿಂದ ಎರವಲು ತರಬೇಕೆಂದು ತಿಳಿಯದೆಂಬುದು ಗೊತ್ತಿರಲಿಲ್ಲ. ಇದನ್ನು ಹೇಳಿಕೊಟ್ಟದ್ದು ಯಂತ್ರವೇ. ಮರುದಿನ ಕಡ್ಡಿಯ ಕಟ್ಟುಗಳನ್ನು ಹಿಡಿದು ಅದೊಂದನ್ನೇ ಕಲಿಸಿದೆವು. ಯಂತ್ರದಿಂದ ಇಷ್ಟು ಉಪಕಾರವಾಗುವಾಗ ಅದನ್ನು ಹಳಿಯುವುದು ಕೃತಘ್ನತೆಯಾದೀತು.

ನಮ್ಮ ಸೋಲಾಪುರ ಜಿಲ್ಲೆಯ ಜಿಲ್ಲಾ ಪರಿಷತ್ ಶಿಕ್ಷಕರಾಗಿದ್ದ ರಣಜಿತ್‌ಸಿಂಹ ಡಿಸಳೆಯವರು ಪಠ್ಯಪುಸ್ತಕದ ಪುಟಗಳಿಗೆ ಕ್ಯೂಆರ್ ಸಂಕೇತಗಳನ್ನು ಜೋಡಿಸಿ, ಅದಕ್ಕಾಗಿ 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿಯನ್ನು ಪಡೆದು, ಹತ್ತು ಲಕ್ಷ ಡಾಲರಿನ ಆ ಬಹುಮಾನದ ಅರ್ಧವನ್ನು ಅಂತಿಮ ಸುತ್ತಿನ ಉಳಿದ ಒಂಬತ್ತು ಜನ ಶಿಕ್ಷಕರಿಗೆ ಹಂಚಿಕೊಟ್ಟರು. ಹಳ್ಳಿಯ ಗುರುವಿಗೂ ಯಂತ್ರಕ್ಕೂ ಹಗೆತನವಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಮರಾಠಿ ಬಂಧುಗಳೊಡನೆ ನಮಗೆ ಜಗಳವೂ ಇಲ್ಲ. ನಮ್ಮ ತಕರಾರು ಬೇರೆಯೇ ಇದೆ. ಅದನ್ನು ಒಂದು ಪ್ರಸಂಗದಿಂದ ಹೇಳುವುದು ಸುಲಭ.

ನಮ್ಮ ಶಾಲೆಗೆ ದಾನವಾಗಿ ಬಂದ ಎರಡು ಟ್ಯಾಬ್ಲೆಟ್ಟುಗಳ ಮೇಲೆ ಆರನೆಯ ಇಯತ್ತೆಯ ಮಕ್ಕಳು ಸರದಿಯ ಪ್ರಕಾರ ಒಂದು ಪರೀಕ್ಷೆಯನ್ನು ಬರೆದರು. ತಂತ್ರಾಂಶ ಯಾರದೆಂಬ ಮಾತು ಇಲ್ಲಿ ಬೇಡ. ಕೃಷ್ಣೆಯೂ ಭೀಮೆಯೂ ಕೂಡುವಂಥ ಸ್ಥಳಕ್ಕೆ ಏನೆನ್ನುತ್ತಾರೆಂದು ಒಂದು ಪ್ರಶ್ನೆ. ಹುಡುಗಿಯೊಬ್ಬಳು “ಸ೦ಗಮ” ಎಂದು ಒತ್ತಿದಳು. ಯಂತ್ರವು ತಪ್ಪೆಂದು ಕೆಂಪು ಗೆರೆ ಎಳೆಯಿತು. ಸರಿಯಾದ ಉತ್ತರವೇನೆಂದು ಕೆಳಗೆ ತಾನೇ ತೋರಿಸಿತು: “ಸಂಗಮ”. ಓದುಗರು ಈ ಎರಡು ಮಾತುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಲಿ. ವ್ಯತ್ಯಾಸ ಕಂಡೀತೇ? ನಮಗಂತೂ ಕನ್ನಡಕ ಹಾಕಿಕೊಂಡು ನೋಡಿದರೂ ಕಾಣಲಿಲ್ಲ. ಆ ಮಗು ಒಮ್ಮೆ ಯಂತ್ರವನ್ನೂ ಒಮ್ಮೆ ನಮ್ಮನ್ನೂ ನೋಡಿ ಏನೂ ಹೇಳದೆ ತನ್ನ ಜಾಗಕ್ಕೆ ಹೋಗಿ ಕುಳಿತಳು.

ಹೈಸ್ಕೂಲಿನ ತರುಣ ಶಿಕ್ಷಕರೊಬ್ಬರನ್ನು ಕರೆಸಿ ಕೇಳಿದಾಗ ಗುಟ್ಟು ಹೊರಬಿತ್ತು. ಕನ್ನಡದಲ್ಲಿ ಅನುಸ್ವಾರವೂ ದುಂಡಗಿದೆ, ಕನ್ನಡ ಅಂಕಿಯ ಸೊನ್ನೆಯೂ ದುಂಡಗಿದೆ. ಹುಡುಗಿಗೆ ಕೀಲಿಮಣೆಯ ಅಂಕಿಗಳ ಪುಟದಲ್ಲಿ ದುಂಡಗಿನ ಗುರುತು ಸಿಕ್ಕಿತು, ಒತ್ತಿದಳು. ಮನುಷ್ಯನ ಕಣ್ಣಿಗೆ ಎರಡೂ ಒಂದೇ. ಯಂತ್ರದ ಲೆಕ್ಕದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಖ್ಯೆಗಳು. ಯಂತ್ರಕ್ಕೆ ನದಿಯೂ ಗೊತ್ತಿಲ್ಲ, ಸಂಗಮವೂ ಗೊತ್ತಿಲ್ಲ. ಅದು ಕೀ ಉತ್ತರದಲ್ಲಿ ಬರೆದಿಟ್ಟ ಸಂಕೇತಗಳೊಡನೆ ಮಗುವಿನ ಸಂಕೇತಗಳನ್ನು ಒಂದೊಂದಾಗಿ ಹೋಲಿಸಿ, ಹೊಂದಿದರೆ ಒಂದು ಅಂಕ, ಹೊಂದದಿದ್ದರೆ ಸೊನ್ನೆ ಎನ್ನುತ್ತದೆ.

ಇದು ಒಂದು ಅಕ್ಷರದ ಕಥೆಯಾಯಿತು. ಒಂದೇ ದೀರ್ಘವನ್ನು ಎರಡು ಬಗೆಯ ಸಂಕೇತಗಳಿಂದ ಕೂಡಿಸಬಹುದಾದ ಪ್ರಸಂಗಗಳು ನಮ್ಮ ಲಿಪಿಯಲ್ಲಿ ಇನ್ನೂ ಇವೆ. ಕಣ್ಣಿಗೆ ಕಾಣದೆ ಅಕ್ಷರಗಳ ನಡುವೆ ಕುಳಿತು ಅವುಗಳನ್ನು ಬಿಡಿಸುವ ಗುರುತೊಂದಿದೆ. ಅದು ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದಿದ್ದರೆ ಆಗಲೂ ಯಂತ್ರ ಬೇರೆಯೆಂದೇ ಹೇಳುತ್ತದೆ. ಇನ್ನು ಊರುಗಳ ಹೆಸರಿನ ಮಾತನ್ನು ಏನು ಹೇಳೋಣ? ನಾವು ಸೋಲಾಪುರವೆನ್ನುತ್ತೇವೆ, ಹಿರಿಯರು ಸೊಲ್ಲಾಪುರವೆಂದು ಬರೆದರು; ಅಕ್ಕಲಕೋಟ, ಅಕ್ಕಲಕೋಟೆ; ಜತ, ಜತ್ತ. ಮನುಷ್ಯನಾದ ಯಾವ ಗುರುವೂ ಇದಕ್ಕಾಗಿ ಮಗುವಿನ ಅಂಕವನ್ನು ಕಳೆದಾನೆ? ಗಡಿನಾಡಿನಲ್ಲಿ ಎರಡು ರೂಪಗಳು ಬಳಕೆಯಲ್ಲಿರುವುದು ಮಗುವಿನ ತಪ್ಪಲ್ಲ, ನಮ್ಮ ಇತಿಹಾಸದ ಫಲ.

ಹಾಗೆಂದು ಇದು ಪರಿಹಾರವಿಲ್ಲದ ರೋಗವೇನೂ ಅಲ್ಲ. ಎಲ್ಲರಿಗೂ ದೊರೆಯುವ ಗೂಗಲ್ ಫಾರ್ಮ್ಸ್‌ನಲ್ಲಿ ಒಂದು ಪ್ರಶ್ನೆಗೆ ಹಲವು ಸರಿಯುತ್ತರಗಳನ್ನು ಮೊದಲೇ ಬರೆದಿಡಬಹುದು. ಯಂತ್ರ ಹಾಕಿದ ಅಂಕವನ್ನು ಗುರುವು ತಿದ್ದಬಹುದು. ಅನುಸ್ವಾರ ಮತ್ತು ಸೊನ್ನೆ ಅಕ್ಷರದ ನಡುವೆ ಬಂದಾಗ ಒಂದೇ ಎಂದು ಭಾವಿಸುವಂತೆ ತಂತ್ರಾಂಶಕ್ಕೆ ಕಲಿಸುವುದು ಬಲ್ಲವರಿಗೆ ದೊಡ್ಡ ಕೆಲಸವಲ್ಲ. ಕನ್ನಡ ಲಿಪಿಯು 1991ರಲ್ಲಿ, ಯೂನಿಕೋಡ್ ಸಂಹಿತೆಯ ಮೊಟ್ಟಮೊದಲನೆಯ ಆವೃತ್ತಿಯಲ್ಲಿಯೇ ಸ್ಥಾನ ಪಡೆದಿದೆ. ಆದ್ದರಿಂದ ಯಂತ್ರಕ್ಕೆ ಕನ್ನಡ ಹೊಸದೆಂಬ ನೆವಕ್ಕೆ ಆಸ್ಪದವಿಲ್ಲ. ತೊಡಕಿರುವುದು ಮೇಲಿನಿಂದ ಸಿದ್ಧವಾಗಿ ಬರುವ ಪರೀಕ್ಷೆಗಳಲ್ಲಿ. ಅಲ್ಲಿ ಉತ್ತರದ ಬೀಗದ ಕೈ ಗುರುವಿನ ಹತ್ತಿರ ಇರುವುದಿಲ್ಲ. ತಪ್ಪು ಕಂಡರೂ ತಿದ್ದುವ ಅಧಿಕಾರ ಅವನಿಗಿಲ್ಲ. ಅಂಕ ಏರಿಸಿಬಿಟ್ಟಾನೆಂಬ ಸಂಶಯ. ನಿಜ, ಏರಿಸುವವರೂ ಇದ್ದಾರೆ, ನಮ್ಮ ಬಳಗವನ್ನು ನಾವು ಬಲ್ಲೆವು. ಆದರೆ ಕಳ್ಳನೊಬ್ಬನಿದ್ದಾನೆಂದು ಊರಿಗೆ ಊರೇ ಕೈ ಕಟ್ಟಿಸಿಕೊಳ್ಳಬೇಕೆ? ತಿದ್ದಿದವನ ಹೆಸರು, ತಿದ್ದಿದ ವೇಳೆ, ಕಾರಣ ಇವಿಷ್ಟನ್ನು ಯಂತ್ರವೇ ಬರೆದಿಡಲಿ. ತಿದ್ದುವ ಹಕ್ಕು ಮಾತ್ರ ಇರಲಿ.

ಆ ಹುಡುಗಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಪಾಲಕರಿಗೆ ತಾನಾಗಿ ಹೋಗುವ ಸಂದೇಶವೆಂದೆವಲ್ಲ, ಅದು ಅವಳ ತಾಯಿಯ ಮೊಬೈಲಿಗೆ ಹೋಯಿತು. ಆ ತಾಯಿ ಕನ್ನಡವನ್ನು ಅಕ್ಷರ ಕೂಡಿಸಿ ಓದಬಲ್ಲರು. ಸಂದೇಶ ಕನ್ನಡದಲ್ಲಿರಲಿಲ್ಲ. ರೇಷನ್ ಅಂಗಡಿಯಲ್ಲಿ ಯಾರದೋ ಕೈಗೆ ಕೊಟ್ಟು ಓದಿಸಿದರು. ಸುಧಾರಣೆ ಬೇಕೆಂಬ ಮಾತನ್ನು ಆ ಪುಣ್ಯಾತ್ಮರು ನಪಾಸು ಎಂದು ಅರ್ಥ ಹೇಳಿದರು. ಮಾರನೆಯ ದಿನ ಬೆಳಗ್ಗೆ ಪ್ರಾರ್ಥನೆಯ ವೇಳೆಗೇ ತಾಯಿ ಶಾಲೆಯ ಕಟ್ಟೆಯ ಹತ್ತಿರ ನಿಂತಿದ್ದರು. “ಗುರುಗಳ, ಹುಡುಗಿ ನಪಾಸ್ ಆಗ್ಯಾಳಂತ ಮೊಬೈಲಿನ್ಯಾಗ ಬಂದೈತ್ರಿ. ಹೊಲದಾಗ ಕೆಲಸ ಭಾಳ ಐತಿ. ಸಾಲಿ ಬಿಡಸ್ಲೇನ್ರಿ?” ಎಂದರು. ಅವಳು ವರ್ಗದಲ್ಲಿ ಎರಡನೆಯವಳೆಂದು, ಹದಿನೈದರಲ್ಲಿ ಆರು ಉತ್ತರಗಳು ಯಂತ್ರಕ್ಕೆ ಓದಲಿಕ್ಕೆ ಬಾರದ್ದರಿಂದ ಹೋದವೆಂದು ತಿಳಿಹೇಳುವುದಕ್ಕೆ ನಮಗೆ ಅರ್ಧ ಗಂಟೆ ಹಿಡಿಯಿತು. ಹುಡುಗಿ ಈಗಲೂ ಶಾಲೆಗೆ ಬರುತ್ತಿದ್ದಾಳೆ. ಗುರುಗಳನ್ನು ಬಂದು ಕೇಳುವ ಧೈರ್ಯವಿಲ್ಲದ ತಾಯಂದಿರ ಮಕ್ಕಳ ಗತಿಯೇನೆಂದು ನಾವು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆವು.

ಪ್ರಶ್ನೆಗಳ ಭಾಷಾಂತರದ ಮಾತೂ ಹೀಗೆಯೇ ಇದೆ. ಮರಾಠಿಯಲ್ಲಿ “ಖಾಲೀ” ಎಂದರೆ ಕೆಳಗೆ. ಕನ್ನಡದಲ್ಲಿ “ಖಾಲಿ” ಎಂದರೆ ಬರಿದು. ಅವಸರದ ಭಾಷಾಂತರಕಾರನೋ ಯಂತ್ರವೋ ಆ ಮಾತನ್ನು ಹಾಗೆಯೇ ಉಳಿಸಿದರೆ, “ಕೆಳಗೆ ಕೊಟ್ಟ ಚಿತ್ರವನ್ನು ನೋಡಿರಿ” ಎಂಬುದು “ಖಾಲಿ ಕೊಟ್ಟ ಚಿತ್ರ”ವಾಗುತ್ತದೆ. ಮಗು ಚಿತ್ರವಿಲ್ಲದ ಚಿತ್ರವನ್ನು ಹುಡುಕುತ್ತ ಕೂಡುತ್ತದೆ. ಹಿಂದಿಯ “ಸಹೀ” ಎಂದರೆ ಸರಿಯಾದದ್ದು. ನಮ್ಮಲ್ಲಿ ಸಹಿ ಎಂದರೆ ರುಜು. “ಸಹಿ ಉತ್ತರವನ್ನು ಆರಿಸಿರಿ” ಎಂದರೆ ಮಗು ಯಾರ ಸಹಿಯೆಂದು ಕೇಳೀತು. ತಂತ್ರಾಂಶದ ಮೊದಲ ಪುಟಕ್ಕೆ “ಮನೆ” ಎಂದು ಹೆಸರಿಟ್ಟಿರುವುದನ್ನು ನೋಡಿ, ಅದನ್ನು ಒತ್ತಿದರೆ ಶಾಲೆ ಬಿಟ್ಟಂತೆಯೇ ಎಂದು ನಮ್ಮ ಎರಡನೆಯ ಇಯತ್ತೆಯವನೊಬ್ಬ ಪಾಟಿಚೀಲವನ್ನು ಹೆಗಲಿಗೆ ಏರಿಸಿದ್ದನು! ನಗೆಯ ಮಾತು ಹಾಗಿರಲಿ. ಕಳೆಯುವ ಲೆಕ್ಕವನ್ನು ನಮ್ಮ ಮಕ್ಕಳು ಮನೆಯಲ್ಲಿ ವಜಾಬಾಕಿಯೆನ್ನುತ್ತಾರೆ. ಬೆಂಗಳೂರಿನ ಪಂಡಿತರು ವ್ಯವಕಲನವೆನ್ನುತ್ತಾರೆ. ಪ್ರಶ್ನೆಯನ್ನು ರಚಿಸುವ ಯಂತ್ರಕ್ಕೆ ಬೆಂಗಳೂರಿನ ಕನ್ನಡವೊಂದೇ ತಿಳಿದಿದ್ದರೆ, ಲೆಕ್ಕ ಬಲ್ಲ ಮಗುವೂ ಮಾತು ತಿಳಿಯದೆ ಬಾಯಿ ಬಿಡುತ್ತದೆ. ಕಾಸರಗೋಡಿನ, ತಾಳವಾಡಿಯ, ಮಡಕಶಿರದ ಗುರುಗಳು ತಮ್ಮ ತಮ್ಮ ಕಡೆಯ ಇಂಥ ಮಾತುಗಳನ್ನು ನಮಗಿಂತ ಚೆನ್ನಾಗಿ ಬಲ್ಲರು.

ಇಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. ನಮ್ಮ ಅನುಭವದಲ್ಲಿ ಗಡಿನಾಡಿನ ಶಾಲೆಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗಿದ ಸಾಧನವೆಂದರೆ ಕನ್ನಡವಾಗಲಿ ಬೇರೆ ಯಾವ ಭಾಷೆಯಾಗಲಿ ತಿಳಿಯಬೇಕಾಗಿಯೇ ಇಲ್ಲದ ಸಾಧನ. ಪ್ಲಿಕರ್ಸ್ ಎಂಬುದೊಂದಿದೆ. ಪ್ರತಿ ಮಗುವಿನ ಕೈಯಲ್ಲಿ ಕಪ್ಪು ಚೌಕಗಳ ಗುರುತಿರುವ ಒಂದು ಕಾಗದದ ಚೀಟಿ. ಗುರುವು ಪ್ರಶ್ನೆಯನ್ನು ಬಾಯಿಂದ ಹೇಳಿ ನಾಲ್ಕು ಉತ್ತರಗಳನ್ನು ಹಲಗೆಯ ಮೇಲೆ ಬರೆಯುತ್ತಾನೆ. ಮಗು ತನಗೆ ಸರಿದೋರಿದ ಉತ್ತರದ ಮಗ್ಗುಲು ಮೇಲಾಗುವಂತೆ ಚೀಟಿಯನ್ನು ತಿರುಗಿಸಿ ಎತ್ತಿ ಹಿಡಿಯುತ್ತದೆ. ಗುರುವಿನ ಒಂದೇ ಮೊಬೈಲಿನ ಕಣ್ಣು ಇಡೀ ವರ್ಗದ ಮೇಲೆ ಹಾಯ್ದು ಯಾರ ಉತ್ತರ ಏನೆಂದು ಬರೆದುಕೊಳ್ಳುತ್ತದೆ. ಅಕ್ಷರಗಳು ಚಿಕ್ಕವಾಗಿರುವುದರಿಂದ ಪಕ್ಕದವನದನ್ನು ನೋಡಿ ತಿರುಗಿಸುವುದೂ ಕಷ್ಟ. ಮಕ್ಕಳಿಗೆ ಯಂತ್ರ ಬೇಡ, ಕೀಲಿಮಣೆ ಬೇಡ, ಅನುಸ್ವಾರದ ಗೋಜಿಲ್ಲ. ಪ್ರಶ್ನೆ ನಮ್ಮ ಹಳ್ಳಿಯ ಕನ್ನಡದಲ್ಲಿ, ತೀರ್ಪು ನಮ್ಮ ಕೈಯಲ್ಲಿ, ಎಣಿಸುವ ಚಾಕರಿಯಷ್ಟೇ ಯಂತ್ರದ್ದು. ಭಾಷೆಯನ್ನು ಗುರುವಿಗೆ ಬಿಟ್ಟುಕೊಡುವ ತಂತ್ರಾಂಶ ನಮಗೆ ನೆರವಾಗುತ್ತದೆ; ಭಾಷೆಯನ್ನು ತಾನೇ ವಹಿಸಿಕೊಳ್ಳುವೆನೆಂದು ಮುಂದೆ ಬರುವ ತಂತ್ರಾಂಶವನ್ನು, ಅದಕ್ಕೆ ಕನ್ನಡ ಬರುವುದೋ ಇಲ್ಲವೋ ಎಂದು ಮೊದಲು ಪರೀಕ್ಷಿಸದೆ ಮಕ್ಕಳ ಮೇಲೆ ಹರಿಯಬಿಡಕೂಡದು.

ಕಾಯಿದೆಯೇನು ಹೇಳುತ್ತದೆಂದು ಕೆಲವರು ಕೇಳುತ್ತಾರೆ. ಸಂವಿಧಾನದ 350ಎ ವಿಧಿಯು, 1956ರ ಏಳನೆಯ ತಿದ್ದುಪಡಿಯಿಂದ ಬಂದದ್ದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಬೋಧನೆಗೆ ತಕ್ಕಷ್ಟು ಅನುಕೂಲತೆಯನ್ನು ಒದಗಿಸಲು ಯತ್ನಿಸಬೇಕೆಂದು ಪ್ರತಿಯೊಂದು ರಾಜ್ಯಕ್ಕೂ ಹೇಳುತ್ತದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 29ನೆಯ ಕಲಮು ಇನ್ನೂ ಹತ್ತಿರ ಬರುತ್ತದೆ. ಸಾಧ್ಯವಾದಮಟ್ಟಿಗೆ ಮಗುವಿನ ಮಾತೃಭಾಷೆಯೇ ಬೋಧನಮಾಧ್ಯಮವಾಗಿರಬೇಕೆಂಬ ಮಾತೂ, ಮಗುವಿನ ತಿಳಿವಳಿಕೆಯನ್ನು ಸಮಗ್ರವಾಗಿಯೂ ನಿರಂತರವಾಗಿಯೂ ಮೌಲ್ಯಮಾಪನ ಮಾಡಬೇಕೆಂಬ ಮಾತೂ ಆ ಒಂದೇ ಕಲಮಿನ ಒಂದೇ ಉಪಕಲಮಿನಲ್ಲಿ ಕೂಡಿ ಬಂದಿವೆ. ಒಂದನ್ನು ಕನ್ನಡದಲ್ಲಿ ನಡೆಸಿ ಇನ್ನೊಂದನ್ನು ಕನ್ನಡ ಬಾರದ ಯಂತ್ರಕ್ಕೆ ಒಪ್ಪಿಸುವುದು ಆ ಕಾಯಿದೆ ಮಾಡಿದವರ ಆಶಯವಾಗಿರಲಾರದು. ಮಕ್ಕಳ ಮಾಹಿತಿಯ ವಿಚಾರವಾಗಿಯೂ ತಿಳಿದಿರತಕ್ಕ ಮಾತೊಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯು ಸಮ್ಮತಿ ಕೇಳುವ ಪತ್ರವನ್ನು ಇಂಗ್ಲಿಷಿನಲ್ಲಾಗಲಿ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಇರಬೇಕೆಂದು ಹೇಳುತ್ತದೆ. ಕನ್ನಡವು ಆ ಅನುಸೂಚಿಯಲ್ಲಿದೆ. ಓದಲಾರದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಪದ್ಧತಿಯನ್ನು ನಮ್ಮ ಅಜ್ಜಂದಿರ ಕಾಲಕ್ಕೇ ಬಿಟ್ಟೆವೆಂದು ತಿಳಿದಿದ್ದೆವು. ಈಗ ಅದು ಮೊಬೈಲಿನ “ಒಪ್ಪಿದೆ” ಎಂಬ ಗುಂಡಿಯ ರೂಪದಲ್ಲಿ ಮರಳಿ ಬಂದಿದೆ.

ಆಗದ ಕೆಲಸವೆಂದು ಯಾರೂ ಹೇಳುವಂತಿಲ್ಲ. 2021ರ ನವೆಂಬರ್ 12ರಂದು ದೇಶದಾದ್ಯಂತ ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆಯು ಸುಮಾರು 34 ಲಕ್ಷ ಮಕ್ಕಳನ್ನು 22 ಭಾಷಾಮಾಧ್ಯಮಗಳಲ್ಲಿ ಪರೀಕ್ಷಿಸಿತು. ಅವುಗಳಲ್ಲಿ ಕನ್ನಡವೂ ಒಂದು. ಮಹಾರಾಷ್ಟ್ರದಲ್ಲಿ 2023-24ರಲ್ಲಿ ಮೂರರಿಂದ ಎಂಟನೆಯ ಇಯತ್ತೆಗಳಿಗೆ ಆರಂಭವಾದ ನಿಯತಕಾಲಿಕ ಮೌಲ್ಯಮಾಪನ ಪರೀಕ್ಷೆಗೆ ಕನ್ನಡ ಮಾಧ್ಯಮದ ಪ್ರಶ್ನಪತ್ರಿಕೆಗಳೂ ಅಚ್ಚಾದವು. ಇದು ಮೆಚ್ಚತಕ್ಕ ಸಂಗತಿ. ಕಾಗದದ ಮೇಲೆ ಸಲ್ಲುವ ಭಾಷೆ ಯಂತ್ರದೊಳಗೆ ಹೊಕ್ಕೊಡನೆ ಏಕೆ ಸಲ್ಲದಂತಾಗಬೇಕು?

ಇನ್ನು ಅಧಿಕಾರಿಗಳ ಬಣ್ಣದ ಹಲಗೆ. ಹಸಿರು, ಹಳದಿ, ಕೆಂಪು. ಇದರ ಬಗೆಗೆ ನಮಗಿರುವಷ್ಟು ಭಯ ಬೇರೆ ಯಾವುದರ ಬಗೆಗೂ ಇಲ್ಲ. ಪಟ್ಟಣದ ಶಾಲೆಯಲ್ಲಿ ಅರವತ್ತು ಮಕ್ಕಳ ವರ್ಗದೊಳಗೆ ಒಬ್ಬ ತಪ್ಪಿದರೆ ಶೇಕಡಾ ಎರಡೂ ಇಳಿಯದು. ನಮ್ಮ ನಾಲ್ಕನೆಯ ಇಯತ್ತೆಯಲ್ಲಿ ಆರು ಮಕ್ಕಳು. ಕಬ್ಬು ಕಡಿಯುವುದಕ್ಕೆ ತಂದೆತಾಯಿಯೊಡನೆ ಹೋದ ಒಂದು ಮಗು ಬಾರದೆ ಅದರ ಲೆಕ್ಕದಲ್ಲಿ ಸೊನ್ನೆ ಬಿದ್ದರೆ ಉತ್ತೀರ್ಣರಾದವರ ಪ್ರಮಾಣ ಒಮ್ಮೆಗೇ ಹದಿನೇಳರಷ್ಟು ಕುಸಿಯುತ್ತದೆ. ಇಬ್ಬರು ಹೋದರೆ ಶಾಲೆ ಕೆಂಪು. ಹಲಗೆಯ ಮುಂದೆ ಕುಳಿತವರಿಗೆ ಕೆಂಪು ಕಾಣುತ್ತದೆ, ಕಬ್ಬು ಕಾಣುವುದಿಲ್ಲ. ಇದರ ಮೇಲೆ ಅನುಸ್ವಾರದ ಸೊನ್ನೆಗಳೂ ಸೇರಿದರೆ ಕನ್ನಡ ಶಾಲೆಯೆಂದರೆ ಕಲಿಯದವರ ಶಾಲೆಯೆಂಬ ಮಾತು ಅಂಕಿಯ ಸಮೇತ ಸಿದ್ಧವಾಯಿತು. ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಒಗ್ಗೂಡಿಸಿ ಸಮೂಹ ಶಾಲೆ ಮಾಡುವ ವಿಚಾರ ನಮ್ಮ ರಾಜ್ಯದಲ್ಲಿ 2023ರಲ್ಲಿ ಹೊರಟಿತು. ಚಿಕ್ಕ ಮರಾಠಿ ಶಾಲೆ ಮುಚ್ಚಿದರೆ ಮಗುವಿಗೆ ಮುಂದಿನ ಊರಿನಲ್ಲಿ ಮರಾಠಿ ಶಾಲೆ ಸಿಕ್ಕೀತು. ಚಿಕ್ಕ ಕನ್ನಡ ಶಾಲೆ ಮುಚ್ಚಿದರೆ ಮುಂದಿನ ಊರಿನಲ್ಲಿ ಕನ್ನಡ ಶಾಲೆ ಇರಲೇಬೇಕೆಂದೇನೂ ಇಲ್ಲ. ಒಂದು ಶಾಲೆ ಹೋದಲ್ಲಿ ಆ ಊರಿನ ಕನ್ನಡ ಓದು ಒಂದು ತಲೆಮಾರಿನೊಳಗೆ ಹೋಗುತ್ತದೆ. ಗಡಿರೇಖೆಯನ್ನು ಎಲ್ಲಿ ಎಳೆದರೂ ಆಮೇಲೆ ಅದನ್ನು ಮರಳಿ ತರಲಾಗದು.

ನಮ್ಮವರಲ್ಲಿಯೇ ಎರಡು ಬಗೆಯ ಮಾತುಗಳನ್ನು ಕೇಳುತ್ತೇವೆ. ಯಂತ್ರವೆಲ್ಲ ಇಂಗ್ಲಿಷಿನಲ್ಲಿಯೇ ಇರಲಿ, ಮಕ್ಕಳು ಮುಂದೆ ಬರುತ್ತಾರೆಂಬುದು ಒಂದು. ಇಂಗ್ಲಿಷನ್ನು ಕಲಿಸುವುದು ಬೇರೆ, ಇಂಗ್ಲಿಷಿನಲ್ಲಿ ಗಣಿತವನ್ನು ಪರೀಕ್ಷಿಸಿ ಗಣಿತ ಬಾರದೆಂದು ಬರೆಯುವುದು ಬೇರೆ. ಈ ಅಂತರ ತಿಳಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಎರಡನೆಯದು ನಮ್ಮ ಸಮಿತಿಯ ಹಿರಿಯರ ಮಾತು: ಏಕೀಕರಣವೊಂದಾಗಲಿ, ಇವೆಲ್ಲ ತಾನಾಗಿ ಸರಿಹೋಗುತ್ತವೆ. ಹಿರಿಯರ ಬಗೆಗೆ ಪೂರ್ಣ ಗೌರವವಿಟ್ಟೇ ಈ ಮಾತನ್ನು ನಾವು ಒಪ್ಪಲಾರೆವು. ಮಹಾಜನ ಆಯೋಗವು ಅಕ್ಕಲಕೋಟೆಯನ್ನು ಇಡಿಯಾಗಿಯೂ, ಜತ್ತ ತಾಲೂಕಿನ 44 ಹಳ್ಳಿಗಳನ್ನೂ, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ವರದಿ ಕೊಟ್ಟದ್ದು 1967ರಲ್ಲಿ. ಆ ವರ್ಷ ಒಂದನೆಯ ಇಯತ್ತೆಗೆ ಹೆಸರು ಹಚ್ಚಿದ ಮಕ್ಕಳ ಮೊಮ್ಮಕ್ಕಳು ಇಂದು ನಮ್ಮ ಶಾಲೆಯಲ್ಲಿ ಕುಳಿತಿದ್ದಾರೆ. ನಮ್ಮ ಬೇಡಿಕೆಯನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಪರೀಕ್ಷೆಗಳು ಅದಕ್ಕಾಗಿ ಕಾಯುವುದಿಲ್ಲ. ಅದೂ ಅಲ್ಲದೆ, ಯಂತ್ರದೊಳಗಿನ ಕನ್ನಡವನ್ನು ಕರ್ನಾಟಕದವರೇ ಎಷ್ಟು ಅಲಕ್ಷಿಸಿದ್ದಾರೆಂಬುದನ್ನೂ ಮರೆಯಬಾರದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಿಸಿದ ಕಾಗದಪತ್ರಗಳನ್ನು ನೋಡಿರಿ. ನಮ್ಮ ಶಿಕ್ಷಕಿಯೊಬ್ಬರು ಅಂಥ ಫಾಂಟಿನಲ್ಲಿ ಎರಡು ರಾತ್ರಿ ಕುಳಿತು ಸಿದ್ಧಪಡಿಸಿದ ಇಪ್ಪತ್ತು ಪ್ರಶ್ನೆಗಳನ್ನು ತಂತ್ರಾಂಶದೊಳಗೆ ಅಂಟಿಸಿದಾಗ, ತಲೆಯ ಮೇಲೆ ಟೊಪ್ಪಿಗೆ ಇಟ್ಟುಕೊಂಡ ರೋಮನ್ ಅಕ್ಷರಗಳ ಸಂತೆಯೇ ನೆರೆದಂತಾಯಿತು. ಪಾಪ, ಆಕೆ ಕಣ್ಣೀರು ಹಾಕಿದರು. ಆ ಫಾಂಟುಗಳು ರೋಮನ್ ಅಕ್ಷರಗಳ ಸ್ಥಾನಗಳ ಮೇಲೆ ಕನ್ನಡದ ಚಿತ್ರವನ್ನು ಹೊದಿಸುತ್ತವೆ. ಹೊದಿಕೆ ಜಾರಿದೊಡನೆ ಒಳಗಿನದು ಕಾಣುತ್ತದೆ. ಆದ್ದರಿಂದ ಶಿಕ್ಷಕ ಬಂಧುಗಳು ಇನ್ನು ಮುಂದೆ ಒಂದು ಪ್ರಶ್ನೆಯನ್ನು ಬರೆದರೂ ಯೂನಿಕೋಡಿನಲ್ಲಿಯೇ ಬರೆಯಬೇಕು. ನುಡಿಯಲ್ಲಿಯೂ ಬರಹದಲ್ಲಿಯೂ ಯೂನಿಕೋಡಿನ ಆಯ್ಕೆ ಇದೆ, ಅದನ್ನು ಆರಿಸಿಕೊಂಡರಾಯಿತು.

ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೂ ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೂ ನಮ್ಮ ವಿನಂತಿ ಇಷ್ಟೆ: ಗಡಿಯಾಚೆಯ ಶಾಲೆಗಳಿಗೆ ಕಟ್ಟಡಕ್ಕೂ ಉತ್ಸವಕ್ಕೂ ಹಣ ಕೊಡುವುದರ ಜೊತೆಗೆ, ಒಂದೇ ಉತ್ತರದ ಬೇರೆ ಬೇರೆ ಬರವಣಿಗೆಗಳನ್ನು ಒಂದೆಂದು ಗುರುತಿಸುವ ಸಣ್ಣ ಉಪಕರಣವೊಂದನ್ನೂ, ಗಡಿನಾಡಿನ ಗಣಿತ ವಿಜ್ಞಾನಗಳ ಪದಪಟ್ಟಿಯೊಂದನ್ನೂ ಮಾಡಿಸಿ ಯಾವ ರಾಜ್ಯದವರು ಕೇಳಿದರೂ ಬಿಟ್ಟಿಯಾಗಿ ಕೊಡಲಿ. ಆಮೇಲೆ ಅಲ್ಲಿನ ಸರಕಾರಗಳು ಕನ್ನಡಕ್ಕೆ ಅನುಕೂಲತೆಯಿಲ್ಲವೆನ್ನುವಂತಿಲ್ಲ.

ಗುರುಗಳಲ್ಲಿ ನಮ್ಮ ಪ್ರಾರ್ಥನೆ, ಕಾಗದದ ಗುಣಪುಸ್ತಕವನ್ನು ಅಟ್ಟಕ್ಕೆ ಹಾಕಬೇಡಿರಿ. ಯಂತ್ರದ ಅಂಕವನ್ನು ಒಂದು ಅಂಕಣದಲ್ಲಿ, ತಮ್ಮ ಅಂಕವನ್ನು ಪಕ್ಕದಲ್ಲಿ ಬರೆದಿಡಿರಿ; ಎರಡೂ ಹೊಂದದಲ್ಲಿ ಕಾರಣವನ್ನು ಒಂದು ಸಾಲಿನಲ್ಲಿ ಗುರುತಿಸಿರಿ. ಇಂಥ ಪುಸ್ತಕಗಳು ಹತ್ತು ಹಳ್ಳಿಗಳಿಂದ ಕೂಡಿದರೆ ಅದಕ್ಕಿಂತ ಬಲವಾದ ಮನವಿ ಬೇರೊಂದಿಲ್ಲ. ಪಾಲಕರ ಕೈಯಲ್ಲಿಯೂ ಬಲವಿದೆ. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕೆಂದು ಶಿಕ್ಷಣ ಹಕ್ಕಿನ ಕಾಯಿದೆಯೇ ವಿಧಿಸಿದೆ, ಅರ್ಧದಷ್ಟು ಸ್ತ್ರೀಯರು. ಆ ಸಭೆಯಲ್ಲಿ ತಾಯಂದಿರು ಎದ್ದು, ನಮ್ಮ ಮಕ್ಕಳ ಪ್ರಗತಿಪತ್ರವೂ ಮೊಬೈಲಿನ ಸಂದೇಶವೂ ಕನ್ನಡದಲ್ಲಿ ಬರಲಿ, ಯಂತ್ರ ಹಾಕಿದ ಅಂಕವನ್ನು ತಿದ್ದುವ ಅಧಿಕಾರ ಗುರುಗಳಿಗಿರಲಿ ಎಂದು ಠರಾವು ಮಾಡಿಸಬೇಕು.

ಠರಾವಿನ ಮಾದರಿಯೊಂದನ್ನು ಈ ಹೊತ್ತಗೆಯ ಹಿಂದಿನ ರಕ್ಷಾಪುಟದ ಮೇಲೆ ಅಚ್ಚು ಹಾಕಿಸಿದ್ದೇವೆ. ಊರಿನ ಹೆಸರು, ತಾರೀಖು, ಮಕ್ಕಳ ಸಂಖ್ಯೆ ಇವಿಷ್ಟನ್ನು ತುಂಬಿ, ಒಂದು ಪ್ರತಿಯನ್ನು ಕೇಂದ್ರಪ್ರಮುಖರಿಗೂ ಒಂದನ್ನು ಶಿಕ್ಷಣಾಧಿಕಾರಿಗಳಿಗೂ ಪೋಚು ಪಡೆದು ಕೊಟ್ಟು, ಮೂರನೆಯದನ್ನು ಸಮಿತಿಯ ಕಚೇರಿಗೆ ಅಂಚೆಯಲ್ಲಿ ಕಳಿಸಬೇಕು. ದೀಪಾವಳಿಯ ರಜೆಯ ಮೊದಲಿನ ಪರೀಕ್ಷೆ ಹತ್ತಿರ ಬರುತ್ತಿದೆ. ಅದಕ್ಕೆ ಹದಿನೈದು ದಿನ ಮುಂಚೆಯಾದರೂ ಈ ಕೆಲಸ ಮುಗಿದಿರಬೇಕು.